ನೆಳ್ಳಂಗಿಯ ತುಂಡುಗಳು

ಸೈನಿಕನ ತಲೆಯಲ್ಲಿ ಚರಿತ್ರೆ ಉಳಿಯುವುದಿಲ್ಲ. ಎರಡು ವಾರಕ್ಕೊಮ್ಮೆ ಕ್ಷೌರದವನು ಅದನ್ನು ಕತ್ತರಿಸಿ ನೆಲಕ್ಕೆ ಉದುರಿಸುತ್ತಾನೆ, ಕಸಬರಿಗೆ ಬಂದು ಗುಡಿಸಿಕೊಂಡು ಹೋಗುತ್ತದೆ. ನಿವೃತ್ತಿಯಾದ ಮೇಲೂ ಈ ಅಭ್ಯಾಸ ಬಿಟ್ಟವರು ಕಡಿಮೆ. ಹೀಗಾಗಿ ನಮ್ಮ ನಿಗಾ ಕೇಂದ್ರ ಶುರುವಾದಾಗ ಕೂದಲನ್ನು ಓದುವ ಯಂತ್ರ ಬಂದು ಕೂತಿತ್ತು, ಓದಲು ಕೂದಲೇ ಇರಲಿಲ್ಲ. ಆಮೇಲೆ ಯಾರಿಗೋ ಅವರ ಹೆಂಡಂದಿರ ಜಡೆ ನೆನಪಾಯಿತು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ಆ ಹೊತ್ತಿನ ರಕ್ತದಲ್ಲಿ ಇದ್ದುದರ ಒಂದು ಕಣವನ್ನು ಒಳಗಿಟ್ಟು ಮುಚ್ಚಿಕೊಳ್ಳುತ್ತದೆ. ಸೊಂಟಕ್ಕೆ ಇಳಿಯುವ ಜಡೆ ಎಂದರೆ ಐದಾರು ವರ್ಷಗಳ ಬದುಕು. ಯಂತ್ರದ ಬೆಳಕು ಒಂದು ಎಳೆಯ ಮೇಲೆ ಬುಡದಿಂದ ತುದಿಗೆ ಹರಿದರೆ, ಆ ಹೆಣ್ಣುಮಗಳ ಮೈಯೊಳಗೆ ಯಾವ ತಿಂಗಳು ಏನು ಸೇರಿತು ಎಂಬುದು ಗೆರೆಯಾಗಿ ಮೂಡುತ್ತದೆ.

ನಾವು ಹುಡುಕುತ್ತಿದ್ದದ್ದು ಒಂದೇ ಒಂದು ವಸ್ತುವನ್ನು. ಹಿಮದ ಗಡಿಯಲ್ಲಿ ಮೈಯ ಕಾವನ್ನು ಗುರುತಿಸಿ ಹೊಡೆಯುವ ಡ್ರೋನುಗಳು ಬಂದ ವರ್ಷಗಳಲ್ಲಿ ಸೈನಿಕರ ಅಂಗಿಗಳಿಗೆ ಒಂದು ಲೇಪ ಬಳಿದರು. ಅದನ್ನು ತೊಟ್ಟವನ ಕಾವು ಹೊರಗೆ ಕಾಣುತ್ತಿರಲಿಲ್ಲ. ಡ್ರೋನಿನ ಕಣ್ಣಿಗೆ ಅವನು ಬಂಡೆಯ ನೆರಳಿನಂತೆ ಇರುತ್ತಿದ್ದ. ನಮ್ಮ ಕಡೆಯ ಹುಡುಗರು ಅದಕ್ಕೆ ನೆಳ್ಳಂಗಿ ಎಂದು ಹೆಸರಿಟ್ಟರು. ನೆರಳಿನ ಅಂಗಿ. ಅದರಿಂದ ಜೀವ ಉಳಿದವರು ಬಹಳ ಮಂದಿ, ಅದನ್ನು ಅಲ್ಲಗಳೆಯುವಂತಿಲ್ಲ. ಹತ್ತು ವರ್ಷ ಕಳೆದ ಮೇಲೆ ಅವರ ಮೂತ್ರಪಿಂಡಗಳು ಸೋಲತೊಡಗಿದವು. ಅವರ ಮನೆಗಳಲ್ಲಿ ಬಸಿರು ನಿಲ್ಲದಂತಾಯಿತು. ಅಂಗಿಗಳನ್ನೆಲ್ಲ ಹಿಂದಕ್ಕೆ ತರಿಸಿ ಸುಟ್ಟರು. ಅಂಗಿ ಹೋದರೂ ಅದರ ವಿಷ ಸೈನಿಕನ ಕೊಬ್ಬಿನಲ್ಲಿ ಕೂತಿದೆ, ಬೆವರಿನಲ್ಲಿ ಹೊರಬಂದು ಮನೆಯವರಿಗೆ ಹತ್ತುತ್ತದೆ ಎಂದು ತಜ್ಞರು ಹೇಳಿದರು. ಅದನ್ನೇ ನಂಬಿ ನಮ್ಮ ಕೇಂದ್ರ ನಡೆಯುತ್ತಿತ್ತು.

ಕೇಂದ್ರ ಇದ್ದದ್ದು ಬೆಳಗಾವಿ ಕ್ಯಾಂಪಿನ ಆಚೆ, ಮಾಜಿ ಸೈನಿಕರ ಕಾಲೊನಿಗೆ ಹೋಗುವ ದಾರಿಯಲ್ಲಿ. ಕೆಳಗೆ ಪ್ರಯೋಗಾಲಯ, ಮೇಲೆ ನಿಗಾ ಕೋಣೆ. ಬಸುರಿಯರಿಗೆ ಮಾತ್ರ ನಾವು ಒಂದು ಪಿನ್ನು ಕೊಡುತ್ತಿದ್ದೆವು. ಹೆರಳಿನ ಬುಡದಲ್ಲಿ ಸಿಕ್ಕಿಸಿಕೊಂಡರೆ ಅದು ಹೊಸದಾಗಿ ಹುಟ್ಟುವ ಕೂದಲನ್ನು ಬೇರಿನಲ್ಲೇ ಓದಿ ನಮ್ಮ ಗೋಡೆಗೆ ಕಳಿಸುತ್ತಿತ್ತು. ಕಾಲೊನಿಯ ಹೆಂಗಸರು ಅದನ್ನು ಚಾಡಿಪಿನ್ನು ಎಂದು ಕರೆದರು. "ಗಂಡನ ಚಾಡಿನೂ ಹೇಳ್ತೈತೇನ್ರಿ ಇದು?" ಎಂದು ಒಬ್ಬಾಕೆ ಕೇಳಿದಾಗ ಉಳಿದವರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

ಗೋಡೆಯ ಗೆರೆಗಳನ್ನು ನೋಡುತ್ತಿರುವುದು ನನ್ನ ಕೆಲಸ. ಆ ಗೆರೆಗಳಲ್ಲಿ ಒಂದು ತ್ರಿವೇಣಿಯದು.

ತ್ರಿವೇಣಿ ನಿವೃತ್ತ ಹವಾಲ್ದಾರ್ ಅಡಿವೆಪ್ಪ ಮುಗಳಿಯವರ ಮಗಳು. ಹುಬ್ಬಳ್ಳಿಗೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ ಮೊದಲನೆಯ ಬಸಿರು ಏಳನೇ ತಿಂಗಳಲ್ಲಿ ಹೋಗಿತ್ತು. ಈಗ ಎರಡನೆಯದು, ಆರಕ್ಕೆ ಬಿದ್ದಾಗ ಕುಬಸ ಮಾಡಿ ತವರಿಗೆ ಕರೆತಂದಿದ್ದರು. ಬಂದಾಗ ಅವಳ ಗೆರೆ ನೆಲಕ್ಕೆ ಹತ್ತಿಕೊಂಡಂತೆ ಇತ್ತು. ಎರಡನೇ ವಾರಕ್ಕೆ ಎದ್ದಿತು. ಮೂರನೇ ವಾರಕ್ಕೆ ಕೆಂಪು ಗೆರೆಯ ಅರ್ಧಕ್ಕೆ ಬಂತು. ಕೆಂಪು ಗೆರೆ ದಾಟಿದ ಮೇಲೆ ಬಸಿರು ಉಳಿದದ್ದನ್ನು ನಾವು ಕಂಡಿರಲಿಲ್ಲ.

"ನೀಲಾಕ್ಕಾರ, ಹಿಂಗ ನೋಡಕೋತ ಕುಂತ್ರ ಆ ಗೆರಿ ಹೆದರಿ ಮ್ಯಾಲೇರತೈತಿ. ಒಂದ್ ಚಾ ಕುಡದ ಬರ್ರಿ," ಎಂದ ನನ್ನ ಸಹೋದ್ಯೋಗಿ ಫಿರೋಜ್ ನದಾಫ್.

ನಾನು ಚಹಾ ಕುಡಿಯಲಿಲ್ಲ. ಕಾಲೊನಿಗೆ ಹೋದೆ.

*

ಅಡಿವೆಪ್ಪನವರು ಅಂಗಳದಲ್ಲಿ ಬರೀ ಬನಿಯನ್ ತೊಟ್ಟು ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಬಂದದ್ದನ್ನು ಕಂಡು ಎದ್ದು ಅಂಗಿ ಹಾಕಿಕೊಂಡು ಬಂದರು. ನಾನು ಆದಷ್ಟು ಮೆತ್ತಗೆ ಹೇಳಿದೆ: ಹೆರಿಗೆ ಆಗುವವರೆಗೆ ಅವರು ಬೇರೆ ಕಡೆ ಇದ್ದರೆ ಒಳ್ಳೆಯದು. ಮಗಳ ಹತ್ತಿರ ಕೂರುವುದು, ಅವಳ ತಟ್ಟೆ ಮುಟ್ಟುವುದು, ಯಾವುದೂ ಬೇಡ.

ಅವರು ನೆಲದ ಮೇಲಿನ ಶೇಂಗಾದ ಸಿಪ್ಪೆಯನ್ನು ಕಾಲಿನಿಂದ ಒಂದು ಕಡೆ ಸರಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಪೋಸ್ಟಿಂಗ್ ಬಂತು ನೋಡು," ಎಂದರು. "ಈ ಸಲ ಭಾಳ ದೂರ ಇಲ್ಲ. ರಸ್ತಾ ದಾಟಿದ್ರ ನಮ್ಮ ಮಾಜಿ ಸೈನಿಕರ ಸಂಘದ ಖೋಲಿ."

"ಅಲ್ಲಿ ಸೊಳ್ಳಿ ನಿಮಗ ಪರೇಡ್ ಮಾಡಿಸ್ತಾವ," ಎಂದರು ಕಸ್ತೂರವ್ವ. ನಗುತ್ತ ಹೇಳಿದರೂ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ತ್ರಿವೇಣಿ ಬಾಗಿಲಿಗೆ ಒರಗಿ ನಿಂತಿದ್ದಳು. "ಅಪ್ಪಾ, ಎಷ್ಟ್ ದೂರ ನಿಂತ್ರ ನಡೀತೈತೇನೋ ಕೇಳು. ಅಷ್ಟ ದೂರ ನಿಂತು ಮಾತಾಡೂಣು."

"ರಸ್ತಾದ ಆಚಿ ದಂಡಿಗೆ ನಿಲ್ತೇನ್ವಾ. ಒದರಿದ್ರ ಕೇಳ್ತೈತಿ. ಪರೇಡಿನಾಗ ಒದರಿದ ಗಂಟಲಾ ಇದು."

ಹೊರಡುವ ಮೊದಲು ನಾನು ಕೇಳಬೇಕಾದದ್ದನ್ನು ಕೇಳಿದೆ. "ಕಸ್ತೂರವ್ವಾರ, ಹಳೆಯ ಸಮವಸ್ತ್ರ ಏನರೆ ಉಳಿದಾವೇನ್ರಿ ಮನ್ಯಾಗ?"

"ಯೂನಿಫಾರ್ಮೇನ್ರಿ? ಒಂದೂ ಇಲ್ರಿ ಬಾಯಾರ. ಎಲ್ಲಾ ಜಮಾ ಮಾಡೇವಿ. ಬೇಕಾದ್ರ ಟ್ರಂಕ ನೋಡ್ರಿ." ಅವರು ಕರಿ ಟ್ರಂಕನ್ನು ಎಳೆದು ತೆರೆದೇಬಿಟ್ಟರು. ಒಂದು ಬೆಲ್ಟು, ಪದಕಗಳ ಡಬ್ಬಿ, ನುಸಿಗುಳಿಗೆ. ಮನೆಯಲ್ಲಿ ಸೈನ್ಯದ ಒಂದೇ ಒಂದು ಅಂಗಿ ಇರಲಿಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತು.

ಅದೇ ಸಂಜೆ ಅಡಿವೆಪ್ಪನವರು ಹಾಸಿಗೆ ಸುತ್ತಿಕೊಂಡು ರಸ್ತೆ ದಾಟಿದರು.

*

ಅವರು ಹೋದ ಮೇಲೆ ಗೆರೆ ಇಳಿಯಬೇಕಿತ್ತು. ಅದು ಏರಿತು. ಹಿಂದಿನದಕ್ಕಿಂತ ಜೋರಾಗಿ ಏರಿತು.

ಮೊದಲು ಪಿನ್ನು ಕೆಟ್ಟಿರಬೇಕು ಎಂದುಕೊಂಡೆವು. ಬೇರೆ ಪಿನ್ನು ಕಳಿಸಿದೆವು. ಅದೂ ಅದೇ ಮಾತು ಹೇಳಿತು. ಫಿರೋಜ್ ನೀರು ಪರೀಕ್ಷಿಸಿದ, ಹಾಲು ಪರೀಕ್ಷಿಸಿದ, ಅವಳು ನುಂಗುವ ಕಬ್ಬಿಣದ ಗುಳಿಗೆಯನ್ನೂ ಪುಡಿ ಮಾಡಿ ನೋಡಿದ. ಏನೂ ಇರಲಿಲ್ಲ. ಕಸ್ತೂರವ್ವನವರ ಒಂದು ಎಳೆಯನ್ನು ಓದಿದೆವು. ಅದರಲ್ಲಿ ಸ್ವಲ್ಪ ಇತ್ತು, ಸೈನಿಕರ ಹೆಂಡಂದಿರಲ್ಲಿ ಎಂದೂ ಇರುವಷ್ಟೇ. ಮಗಳಲ್ಲಿ ಮಾತ್ರ ಅದರ ಎಂಟು ಪಟ್ಟು.

ನಮ್ಮ ನಿರ್ದೇಶಕರಾದ ಡಾ. ಹಂಜಿ ಗೋಡೆಯ ಮುಂದೆ ಬಂದು ನಿಂತರು. "ಮುದುಕ ಕದ್ದು ಮನೀಗೆ ಬರಾಕತ್ತಿರಬೇಕು. ಮತ್ತೇನ ಇರ್ತೈತಿ?" ಎಂದರು. "ಹೋಗಿ ಗಟ್ಟಿಯಾಗಿ ಹೇಳಿ ಬರ್ರಿ, ನೀಲಾಂಬಿಕಾ. ನಿಮ್ಮ ಮೆತ್ತನ್ನ ಮಾತು ಸಾಲೂದಿಲ್ಲ."

ಸಂಘದ ಕೋಣೆಯಲ್ಲಿ ಅಡಿವೆಪ್ಪನವರು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಮಲಗಿದ್ದ ಗುರುತೇ ಹಾಸಿಗೆಯಲ್ಲಿ ಇರಲಿಲ್ಲ. ಚಾದರ ಅಷ್ಟು ಬಿಗಿಯಾಗಿತ್ತು. ನಾನು ಬಂದ ಕಾರಣ ಹೇಳುತ್ತಿದ್ದಂತೆ ಅವರ ಕಿವಿ ಕೆಂಪಾದವು.

"ಬಾಯಾರ, ಬುತ್ತಿ ಡಬ್ಬಿನೂ ಗೇಟಿನ ಮ್ಯಾಲಿಟ್ಟು ಹಿಂದ ಸರದಮ್ಯಾಲ ತಗೋತೇನ್ರಿ ನಾ. ಆಕಿ ಮಾರಿ ಹತ್ತರದಿಂದ ನೋಡಿ ಎಷ್ಟ್ ದಿನ ಆತು! ಆ ಕಟ್ಟಿ ಮ್ಯಾಲ ಕುಂದ್ರತೇನಿ, ಅಕಿ ಕಿಡಕ್ಯಾಗ ಕುಂದ್ರತಾಳ. ಕೈ ಮಾಡ್ತಾಳ, ನಾನೂ ಕೈ ಮಾಡ್ತೇನಿ. ಇದಕ್ಕ ಕದ್ದು ಬರೂದು ಅಂತಾರೇನ್ರಿ?"

ನಾನು ಬಾಗಿಲ ಬಳಿಯ ಸ್ಟೂಲನ್ನು ಎಳೆದುಕೊಂಡು ಕೂತೆ.

"ಒಂದ್ ಮಾತ ಕೇಳ್ತೇನಿ, ಖರೇ ಹೇಳ್ರಿ," ಎಂದರು. ದನಿ ಇಳಿದಿತ್ತು. "ಮೊದಲ್ನೇ ಕೂಸೂ ನನ್ನಿಂದನ ಹೋತೇನ್ರಿ? ನಾ ಹುಬ್ಬಳ್ಳಿಗೆ ಹೋಗಿ ಎರಡ ದಿನ ಇದ್ದೆ, ಅಷ್ಟ. ಆಕಿ ತಲಿ ಮ್ಯಾಲ ಕೈ ಇಟ್ಟಿದ್ದೆ. ಎರಡ ದಿನದಾಗ ಹಂಗಾಕ್ಕೈತೇನ್ರಿ?"

"ಅದನ್ನು ಈಗ ಹೇಳಾಕ ಬರೂದಿಲ್ರಿ," ಎಂದೆ. ಸುಳ್ಳಲ್ಲ. ಆದರೆ ಆ ಮಾತು ಕೇಳಿ ಅವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ ರೀತಿಯನ್ನು ನಾನು ಮರೆತಿಲ್ಲ.

*

ರಸ್ತೆ ದಾಟಿ ಮನೆಗೆ ಹೋದೆ. ಮಧ್ಯಾಹ್ನದ ಊಟವಾಗಿ ಕಾಲೊನಿ ಅಡ್ಡಾಗಿದ್ದ ಹೊತ್ತು. ಕಸ್ತೂರವ್ವ ತುಟಿಯ ಮೇಲೆ ಬೆರಳಿಟ್ಟು, "ಮಲಗ್ಯಾಳ್ರಿ," ಎಂದು ಒಳಗೆ ಕರೆದರು.

ಒಳಕೋಣೆಯಲ್ಲಿ ತ್ರಿವೇಣಿ ಎಡಮಗ್ಗುಲಾಗಿ ಮಲಗಿದ್ದಳು. ಸೆಕೆಗೆ ಅವಳ ಕುತ್ತಿಗೆ, ಬೆನ್ನು ಬೆವೆತಿದ್ದವು. ಹೊಟ್ಟೆಯ ಕೆಳಗೆ ಹಾಸಿಗೆಯ ಒಂದು ತುದಿಯನ್ನು ಮಡಚಿ ಆಸರೆ ಕೊಟ್ಟಿದ್ದರು. ನಾನು ಮೊದಲು ಕಂಡದ್ದು ಆ ತುದಿಯನ್ನು. ಹಸಿರು. ಮಾಸಲು ಹಸಿರು, ಅದರ ಪಕ್ಕ ಕಂದು, ಅದರ ಪಕ್ಕ ಬೂದಿ ಬಣ್ಣದ ಚೌಕ. ನಡುವೆ ಹಳೆಯ ಇಳಕಲ್ ಸೀರೆಯ ಕೆಂಪು ಪಟ್ಟಿ. ಎಲ್ಲದರ ಮೇಲೆ ಬಿಳಿದಾರದ ಸಣ್ಣ ಹೊಲಿಗೆ, ಸಾಲಿನ ಪಕ್ಕ ಸಾಲು, ಉಳುಮೆ ಮಾಡಿದ ಹೊಲದಂತೆ.

ಅದು ಕೌದಿ.

"ಚಂದ ಆಗೇತಲ್ರಿ?" ಕಸ್ತೂರವ್ವ ಪಿಸುಗುಟ್ಟಿದರು. "ಅಪ್ಪ ಹೋದ ಮ್ಯಾಲ ಇಕಿಗೆ ನಿದ್ದಿನ ಹತ್ತವಲ್ದಾತು. ಅಪ್ಪನ ವಾಸ್ನಿ ಬೇಕವ್ವಾ ಅಂದ್ಲು, ಸಣ್ಣ ಹುಡುಗಿ ಹಂಗ. ಮೊದಲ ಕಾಲಿನ ಮ್ಯಾಗ ಹೊಚ್ಚಕೋತಿದ್ಲು, ಈಗ ಬುಡಕ ಹಾಸೇನಿ. ಮಾರಿ ಅದಕ್ಕ ಹಚ್ಚಿ ಮಲಗ್ತಾಳ."

"ಇವು ಯಾವ ಅರಿವೀರಿ?" ಎಂದು ಕೇಳಿದೆ.

"ತುಂಡರಿ."

"ಯಾವುದರ ತುಂಡು?"

"ನೆಳ್ಳಂಗಿದರಿ. ಹರದ ಅಂಗಿ ರದ್ದಾದ್ರ ಯಾರೂ ತಿರಗ ತೊಡಬಾರದು ಅಂತ ಕತ್ತರಿಸಿ ತುಂಡ ಮಾಡಿ ಒಗೀತಿದ್ರಂತ. ಬಂದೂಕ ವರಸಾಕ ಕೊಡ್ತಿದ್ರು. ನಮ್ಮವರು ರಜಾಕ್ಕ ಬರೂಮುಂದ ಒಂದ್ ಗಂಟ ಕಟಗೊಂಡ ಬರ್ತಿದ್ರು. ಗಟ್ಟಿ ಅರಿವೀರಿ, ಬಣ್ಣ ಹೋಗೂದಿಲ್ಲ. ಕೌದೀಗೆ ಹೇಳಿ ಮಾಡಿಸಿದಂಗ."

"ಕಸ್ತೂರವ್ವಾರ, ನಾ ಆ ದಿನ ಕೇಳಿದ್ದೆನಲ್ರಿ."

ಅವರು ನನ್ನನ್ನು ನೋಡಿದರು. ಅವರ ಮುಖದಲ್ಲಿ ಕಪಟ ಇರಲಿಲ್ಲ, ಗಾಬರಿ ಆಗಷ್ಟೇ ಹುಟ್ಟುತ್ತಿತ್ತು. "ನೀವು ಯೂನಿಫಾರ್ಮ ಕೇಳಿದ್ರಿ," ಎಂದರು. "ಇದು ಕೌದಿ ಅಲ್ರಿ?"

ನಾನು ತ್ರಿವೇಣಿಯನ್ನು ಎಬ್ಬಿಸಿದೆ. ಹಾಸಿಗೆ ಬದಲಿಸಬೇಕು, ತಿಗಣೆಯ ಔಷಧಿ ಹೊಡೆಯಬೇಕು ಎಂದೇನೋ ಅಂದೆ. ಅವಳು ನಿದ್ದೆಗಣ್ಣಿನಲ್ಲಿ ಎದ್ದು, ಕೌದಿಯ ಗುರುತು ಮೂಡಿದ ಕೆನ್ನೆಯನ್ನು ಉಜ್ಜಿಕೊಂಡಳು. ಹೋಗುವಾಗ ಅವಳ ಜಡೆಯಿಂದ ಒಂದು ಪೂರ್ತಿ ಎಳೆ ಬೇಕೆಂದು ಕೇಳಿದೆ. ಅವಳು ಏನೂ ಕೇಳದೆ ಬಾಗಿದಳು.

*

ಪ್ರಯೋಗಾಲಯದಲ್ಲಿ ಕೌದಿಯ ಒಂದು ಮೂಲೆಯನ್ನು ಬಿಚ್ಚಿದೆವು. ಒಳಗಿನಿಂದ ಒಂದು ಒಣಗಿದ ರೊಟ್ಟಿಚೂರು ಬಿತ್ತು. ಕೌದಿ ಹಸಿದಿರಬಾರದೆಂದು ಹೊಲಿದು ಮುಗಿಸುವಾಗ ಒಳಗಿಡುತ್ತಾರೆ. ಫಿರೋಜ್ ಅದನ್ನು ಚಿಮಟಿಗೆಯಲ್ಲಿ ಎತ್ತಿ ತಟ್ಟೆಯಲ್ಲಿಟ್ಟ. ಆ ದಿನ ಅವನು ಒಂದೂ ತಮಾಷೆ ಮಾಡಲಿಲ್ಲ.

ಲೇಪ ಮಾಡಿದ್ದೇ ಹೆಪ್ಪುಗಟ್ಟುವ ಚಳಿಗಾಗಿ. ಚಳಿಯಲ್ಲಿ ಅದು ಗಾಜಿನಂತೆ ಗಟ್ಟಿ, ಏನನ್ನೂ ಬಿಡುವುದಿಲ್ಲ. ಆದರೆ ಮೈಬಿಸಿ ತಾಗಿ, ಬೆವರು ನೆನೆದು, ಮೇಲೆ ಭಾರ ಬಿದ್ದು ಗಂಟೆಗಟ್ಟಲೆ ಇದ್ದರೆ ಅದು ಮೆತ್ತಗಾಗಿ ಹುಡಿಯಾಗುತ್ತದೆ. ಇಡೀ ಅಂಗಿಯಲ್ಲಿ ಅಂಚುಗಳನ್ನೆಲ್ಲ ಕಾರ್ಖಾನೆಯಲ್ಲೇ ಕಾಯಿಸಿ ಮುಚ್ಚಿರುತ್ತಿದ್ದರು. ಕತ್ತರಿಸಿದ ತುಂಡಿಗೆ ನಾಲ್ಕೂ ಕಡೆ ಬಾಯಿ. ಅದರ ಮೇಲೆ ಕೌದಿಯ ಹೊಲಿಗೆ: ಒಂದೊಂದು ಟಾಕೂ ಒಂದು ತೂತು. ಸೂಕ್ಷ್ಮದರ್ಶಕದ ಕೆಳಗೆ ಆ ತೂತುಗಳ ಸುತ್ತ ಬಿಳಿಯ ಪುಡಿ ಕೂತಿತ್ತು, ಇರುವೆಗೂಡಿನ ಬಾಯಿಯ ಮಣ್ಣಿನಂತೆ. ಯಾರೂ ಮತ್ತೆ ತೊಡದಿರಲಿ ಎಂದು ಕತ್ತರಿಸಿದ್ದರಿಂದಲೇ ಅದು ಹೊಚ್ಚಿಕೊಳ್ಳಲು ಬಂತು.

ಡಾ. ಹಂಜಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕುರ್ಚಿಯಲ್ಲಿ ಕೂತರು. "ನಾವ ಅವರಪ್ಪನ್ನ ಹೊರಗ ಹಾಕಿಸಿದ್ವಿ," ಎಂದರು. "ಅದಕ್ಕ ಆಕಿ ಅದರ ಮ್ಯಾಲ ಮಲಗಿದ್ಲು."

ಕೊನೆಗೆ ತ್ರಿವೇಣಿಯ ಎಳೆಯನ್ನು ಯಂತ್ರಕ್ಕೆ ಕೊಟ್ಟೆವು. ಬುಡದಲ್ಲಿ ಈಗಿನ ಏರು. ಅದರ ಹಿಂದೆ ಸಪಾಟು. ಎರಡು ವರ್ಷ ಹಿಂದಕ್ಕೆ ಹೋದಾಗ ಗೆರೆ ಮತ್ತೆ ಎದ್ದಿತು. ಮೂರು ತಿಂಗಳ ಕಾಲ ಮೇಲೇರುತ್ತ ಹೋಗಿ, ಕೆಂಪು ದಾಟಿ, ಥಟ್ಟನೆ ಇಳಿದಿತ್ತು. ಅಡಿವೆಪ್ಪನವರು ಎರಡು ದಿನ ಹೋಗಿಬಂದ ಗುರುತು ಅದರಲ್ಲಿ ಎಲ್ಲೂ ಇರಲಿಲ್ಲ.

*

ಹೇಳಲು ನಾನೇ ಹೋದೆ. ತ್ರಿವೇಣಿಯನ್ನು ತಪಾಸಣೆಗೆಂದು ಫಿರೋಜ್ ಆಸ್ಪತ್ರೆಗೆ ಕರೆದೊಯ್ದಿದ್ದ. ಅಡಿವೆಪ್ಪನವರನ್ನು ರಸ್ತೆ ದಾಟಿ ಬನ್ನಿ ಎಂದು ಕರೆದೆ. ಅವರು ಗೇಟಿನ ಹತ್ತಿರ ನಿಂತುಬಿಟ್ಟರು, ಒಳಗೆ ಬರಬಹುದೆಂದು ನಂಬಿಕೆ ಬರದೆ.

"ಬರ್ರಿ ಒಳಗ. ನೀವಲ್ಲ," ಎಂದೆ. ಬರುವ ದಾರಿಯಲ್ಲಿ ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

ನಾನು ಹೇಳಿದ್ದನ್ನು ಕಸ್ತೂರವ್ವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಕೇಳಿದರು. ಅಳಲಿಲ್ಲ. "ಅಂದ್ರ ಇವರ ಮೈಯಾಗ ಏನೂ ಇಲ್ಲೇನ್ರಿ?" ಎಂದರು.

"ಐತಿ. ಆದ್ರ ಅದು ಮಗಳಿಗೆ ಹತ್ತುವಷ್ಟಿಲ್ಲ."

"ಮತ್ತ ಮೊದಲ್ನೇದ್ದು?"

ನಾನು ಅವರ ಗಂಡನ ಮುಖ ನೋಡಿದೆ. ನಿಜ ಹೇಳಿದರೆ ಅವರ ಕೈಗಳ ಮೇಲಿನ ಭಾರ ಇಳಿದು ಕೌದಿ ಹೊಲಿದ ಇವರ ಕೈಗಳಿಗೆ ಬೀಳುತ್ತದೆ. ಹೇಳದಿದ್ದರೆ ಅಲ್ಲೇ ಉಳಿಯುತ್ತದೆ. ಮೂರನೆಯ ದಾರಿಯ ಮಾತೊಂದು ಸಿಗಬಹುದೇ ಎಂದು ತಡಕಿದೆ.

"ಹುಡುಕಬ್ಯಾಡ್ರಿ ಬಾಯಾರ," ಎಂದರು ಕಸ್ತೂರವ್ವ. "ಇವರ ಮುಂದನ ಹೇಳ್ರಿ. ಎರಡ ವರ್ಷದಿಂದ ಈ ಮನಶ್ಯಾ ಒಂದು ಕೂಸಿಗೆ ಕೈ ಹಚ್ಚಿಲ್ಲ."

"ಅದೂ ಕೌದಿಯಿಂದನರಿ," ಎಂದೆ. "ಆ ಮೂರು ತಿಂಗಳು ಹುಬ್ಬಳ್ಯಾಗ ಅದರ ಮ್ಯಾಲನ ಮಲಗಿರಬೇಕು."

ಕಸ್ತೂರವ್ವ ಹಾಗೇ ಕೆಳಗೆ ಕೂತರು. "ಹುಬ್ಬಳ್ಳಿಗೆ ಕಳಿಸಿದಾಕಿ ನಾನ, ಆಮ್ಯಾಲ ತಿರಗ ತಂದಾಕಿನೂ ನಾನ," ಎಂದರು. ಅಡಿವೆಪ್ಪನವರು ಒಳಗೆ ಬಂದು, ಸ್ವಲ್ಪ ದೂರದಲ್ಲಿ, ಅವರೂ ನೆಲದ ಮೇಲೆ ಕೂತರು. "ತುಂಡ ತಂದಾಂವ ನಾ," ಎಂದರು. "ಬ್ಯಾಡಂದ್ರೂ ಗಂಟ ಕಟ್ಟಿ ತರ್ತಿದ್ದೆ. ಅಲ್ಲಿಂದ ತರಾಕ ನನಗ ಬ್ಯಾರೆ ಏನ ಸಿಗ್ತಿತ್ತು?"

"ಹೊಲದಾಕಿ ನಾ."

"ಹೊಲಿ ಅಂದಾಂವ ನಾ."

"ಸುಮ್ನಿರ್ರಿ ಸಾಕು," ಎಂದು ಕಸ್ತೂರವ್ವ ಗದರಿದರು. ಗದರಿದ ಮೇಲೆಯೇ ಅವರ ಕಣ್ಣಿಂದ ನೀರು ಇಳಿದದ್ದು. ಆಮೇಲೆ ನನ್ನ ಸೀರೆಯ ಸೆರಗು ಹಿಡಿದು ಒಂದೇ ಮಾತು ಬೇಡಿದರು: ಹೆರಿಗೆ ಆಗುವ ತನಕ ತ್ರಿವೇಣಿಗೆ ಮೊದಲನೆಯದರ ವಿಷಯ ಗೊತ್ತಾಗಬಾರದು. ನಾನು ಒಪ್ಪಿದೆ.

ಗೆರೆ ತಿರುಗಿತು. ಕೆಂಪಿನ ಅಂಚಿಗೆ ಬಂದು, ಒಂದೆರಡು ದಿನ ಅಲ್ಲೇ ತೊನೆದು, ಆಮೇಲೆ ಇಳಿಯತೊಡಗಿತು. ಕೂಸಿನ ಎದೆಬಡಿತ ಚೆನ್ನಾಗಿದೆ ಎಂದರು ಆಸ್ಪತ್ರೆಯವರು.

*

ಆದರೆ ಕೌದಿ ಒಂದೇ ಇರಲಿಲ್ಲ. ಕಾಲೊನಿಯ ಹೆಂಗಸರು ವರ್ಷಗಟ್ಟಲೆ ಮಧ್ಯಾಹ್ನದ ಹೊತ್ತು ಒಟ್ಟಿಗೆ ಕೂತು ಹೊಲಿದಿದ್ದರು. ಯಾರದೋ ಸೊಸೆಗೆ, ಯಾರದೋ ಮೊಮ್ಮಗನ ತೊಟ್ಟಿಲಿಗೆ, ದೂರದ ಊರಿನ ತಂಗ್ಯಂದಿರಿಗೆ. ಇಂಥ ಕಾಲೊನಿಗಳು ಇನ್ನೆಷ್ಟೋ ಊರುಗಳಲ್ಲಿದ್ದವು. ನಿಗಾ ಕೋಣೆಯ ಗೋಡೆಯಲ್ಲಿ, ನಾವು "ಸೈನಿಕನ ಸಂಪರ್ಕ" ಎಂದು ಹೆಸರಿಟ್ಟು ಸುಮ್ಮನಿದ್ದ ಏರುಗಳನ್ನು ಒಂದೊಂದಾಗಿ ಮತ್ತೆ ಎಣಿಸಿದೆ. ಎಷ್ಟು ಅಪ್ಪಂದಿರನ್ನು ನಾವು ರಸ್ತೆ ದಾಟಿಸಿದ್ದೆವು!

ಡಾ. ಹಂಜಿ ಮೇಲಿನವರಿಂದ ಅನುಮತಿ ತಂದು ಎಲ್ಲ ಕುಟುಂಬಗಳ ಫೋನಿಗೂ ಸೂಚನೆ ಕಳಿಸಿದರು: ಲೇಪಿತ ವಸ್ತ್ರಾವಶೇಷಗಳನ್ನು ಕೂಡಲೇ ಕೇಂದ್ರಕ್ಕೆ ಒಪ್ಪಿಸತಕ್ಕದ್ದು. ಎರಡು ದಿನದಲ್ಲಿ ಒಬ್ಬ ನಿವೃತ್ತ ನಾಯಕ್ ಒಂದು ಹರಕು ರೇನ್‌ಕೋಟು ತಂದುಕೊಟ್ಟರು. ಅಷ್ಟೇ.

"ವಸ್ತ್ರಾವಶೇಷ ಅಂದ್ರ ಹೆಣಕ್ಕ ಹೊಚ್ಚೂದು ಅನ್ಕೋತಾರ್ರಿ," ಎಂದರು ಕಸ್ತೂರವ್ವ. "ಯಾರಿಗೆ ತಿಳೀಬೇಕದು? ನಾ ಹೇಳ್ತೇನಿ ತಗೋರಿ."

ಅವರ ಮನೆಯಲ್ಲೇ ಧ್ವನಿ ಮುದ್ರಿಸಿಕೊಂಡೆ. ತ್ರಿವೇಣಿ ಒಳಗೆ ಮಲಗಿದ್ದಳು. ಕಸ್ತೂರವ್ವ ಫೋನನ್ನು ಬಾಯಿಯ ಹತ್ತಿರ ಹಿಡಿದು, ಎದುರಿಗೆ ಜನ ಕೂತಿದ್ದಾರೇನೋ ಎಂಬಂತೆ ಸೆರಗು ಸರಿಮಾಡಿಕೊಂಡರು.

"ಅಕ್ಕಾರ, ತಂಗ್ಯಾರ, ನಾ ಅಡಿವೆಪ್ಪ ಮುಗಳಿಯವರ ಮನಿಯಾಕಿ ಕಸ್ತೂರವ್ವ. ಹಸರ ತುಂಡಿನ ಕೌದಿ ಹೊಲದೇವಲ್ಲ, ಅದರಾಗ ನೆಳ್ಳಂಗಿ ವಿಷ ಐತಿ. ಖರೇ ಐತಿ, ನಾ ಕಣ್ಣಾರೆ ನೋಡೇನಿ. ಯಾರೂ ಹಾಸಬ್ಯಾಡ್ರಿ, ಹೊಚ್ಚಬ್ಯಾಡ್ರಿ. ಬಸುರ ಹೆಂಗಸರ ಹಂತ್ಯಾಕ, ಕೂಸಿನ ಹಂತ್ಯಾಕ ಇಡಬ್ಯಾಡ್ರಿ. ಚೀಲದಾಗ ಕಟ್ಟಿ ಕೇಂದ್ರಕ್ಕ ಕೊಡ್ರಿ. ನನ್ನ ಮಗಳ ಈಗ ಬಸುರದಾಳ, ಕೌದಿ ತಗದ ಮ್ಯಾಲ ಆರಾಮದಾಳ."

ಈ ಸಲ ಉತ್ತರಗಳು ಬಂದವು. ಒಂದರ ಮೇಲೊಂದು ಬಂದವು. ಕುದಿಯುವ ನೀರಲ್ಲಿ ಅದ್ದಿ ಒಗೆದರೆ ಸಾಲದೇ? ಬಿಸಿಲಿಗೆ ಹಾಕಿದರೆ? ನಮ್ಮ ಅತ್ತೆ ಹೊಲಿದದ್ದು, ಅವರು ಈಗಿಲ್ಲ, ಟ್ರಂಕಿನಲ್ಲಿ ಇಡುತ್ತೇವೆ. ನಮ್ಮವರು ಗಡಿಯಲ್ಲೇ ಹೋದರು, ಅವರದೆಂದು ಮನೆಯಲ್ಲಿ ಇದೊಂದೇ ಇದೆ, ಕೊಡುವುದಿಲ್ಲ. ಮತ್ತೊಬ್ಬಾಕೆ ನೇರವಾಗಿಯೇ ಕೇಳಿದ್ದಳು: "ನಿಮ್ಮ ಮಗಳಿಗೇನಾತ್ರಿ? ಚಲೋ ಅದಾಳಲ್ಲ?"

ಸಂಜೆಯ ಹೊತ್ತಿಗೆ ಕೇಂದ್ರದ ಮೂಲೆಯಲ್ಲಿ ಬೆರಳೆಣಿಕೆಯ ಚೀಲಗಳಿದ್ದವು.

ಮರುದಿನ ಮಧ್ಯಾಹ್ನ ನಾನು ಆ ಉತ್ತರಗಳನ್ನು ಕಸ್ತೂರವ್ವನವರಿಗೆ ಓದಿ ಹೇಳುತ್ತಿದ್ದೆ. ಇನ್ನು ಹೇಗೆ ಹೇಳಬೇಕು ಎಂದು ಇಬ್ಬರಿಗೂ ತೋಚದೆ ಕೂತಿದ್ದಾಗ, ಒಳಕೋಣೆಯ ಬಾಗಿಲಲ್ಲಿ ತ್ರಿವೇಣಿ ಬಂದು ನಿಂತಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಫೋನು. ಅವಳೂ ನಮ್ಮ ಪಿನ್ನು ಹಾಕಿಕೊಂಡವಳು. ಎಲ್ಲರಿಗೂ ಹೋದ ಧ್ವನಿ ಅವಳಿಗೂ ಹೋಗಿತ್ತು. ಅದು ನನಗೆ ಹೊಳೆದೇ ಇರಲಿಲ್ಲ.

"ಅರ್ಧ ಹೇಳೀದಿ ನೀ," ಎಂದಳು ತಾಯಿಗೆ.

ಕಸ್ತೂರವ್ವ ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ನಾನು ಹೇಳಿರಲಿಲ್ಲ.

"ಬಾಯಾರ ಏನೂ ಹೇಳಿಲ್ಲವ್ವಾ. ಪಿನ್ನು ಇರೂಮುಂದ ಉದ್ದನ್ನ ಎಳಿ ಯಾಕ ಬೇಕಾತು ಅಂತ ನನಗ ತಿಳೀದೇನು? ನಾ ಆ ದಿನಾನ ತಿಳಕೊಂಡೆ. ನೀ ಹೇಳ್ತಿ ಅಂತ ಕಾದೆ." ಅವಳ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. "ಆರಾಮದಾಳ ಅಂದ್ರ ಯಾರ ಕೊಡ್ತಾರ? ಒಗದು ಇಟ್ಗೋತಾರ. ನಾಳೆ ತೊಟ್ಟಲಕ್ಕ ಹಾಸ್ತಾರ."

"ಎವ್ವಾ, ನನ್ನ ಬಾಯಿಲೆ ಹೆಂಗ ಹೇಳ್ಲಿ?"

"ನನ್ನ ಬಾಜೂಕ ಕುಂತು ಹೇಳು."

ಅವಳು ಭಾರವಾಗಿ ನಡೆದು ಬಂದು, ಗೋಡೆಗೆ ಕೈ ಊರಿ, ತಾಯಿಯ ಪಕ್ಕ ಚಾಪೆಯ ಮೇಲೆ ಕೂತಳು. ಭುಜಕ್ಕೆ ಭುಜ ತಾಗಿಸಿದಳು. ಅಡಿವೆಪ್ಪನವರು ಅಡುಗೆಮನೆಯ ಬಾಗಿಲಲ್ಲಿ ಚಹಾದ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದರು.

"ಬಾಯಾರ," ಎಂದಳು ತ್ರಿವೇಣಿ, "ಚಾಲೂ ಮಾಡ್ರಿ."

ನಾನು ಗುಂಡಿ ಒತ್ತಿದೆ. ಕಸ್ತೂರವ್ವ ಈ ಸಲ ಸೆರಗು ಸರಿಮಾಡಿಕೊಳ್ಳಲಿಲ್ಲ. ಮಗಳ ಕೈ ಹಿಡಿದುಕೊಂಡರು. ಆಮೇಲೆ ಹೇಳತೊಡಗಿದರು.

"ಅಕ್ಕಾರ, ನಾ ಕಸ್ತೂರವ್ವ. ನಿನ್ನೆ ಒಂದ ಮಾತ ಮುಚ್ಚಿಟ್ಟಿದ್ದೆ. ನನ್ನ ಮಗಳಿಗೆ ಇದಕ್ಕೂ ಮೊದಲ ಒಂದು ಕೂಸು ಹೊಟ್ಯಾಗಿತ್ತು. ಆ ಕೂಸಿಗಂತನ ನಾ ಈ ಕೌದಿ ಹೊಲದಿದ್ದೆ."